ಕಾರ್ಡೆಲಿಯಾ ಬದುಕಬೇಕಿತ್ತು

ತಪ್ಪೇ ಮಾಡದವಳು ಸಾಯುತ್ತಾಳೆ, ಅದೂ ನಾಲ್ಕು ನಿಮಿಷ ತಡವಾಯಿತೆಂದು. 400 ವರ್ಷಗಳಿಂದ ಓದುಗರು ‘ಕಿಂಗ್ ಲಿಯರ್’ ಮೇಲೆ ಸಿಟ್ಟಾಗುತ್ತಲೇ ಇದ್ದಾರೆ. ಒಬ್ಬ ಪುಸ್ತಕ ಮುಚ್ಚಿಟ್ಟ, ಇನ್ನೊಬ್ಬ ಕೊನೆಯನ್ನೇ ತಿದ್ದಿದ, ಮತ್ತೊಬ್ಬ ನಾಟಕವೇ ಕಳಪೆ ಎಂದ, ಒಬ್ಬ ಕಾದಂಬರಿಗಾರ್ತಿ ಕೆಟ್ಟ ಮಕ್ಕಳ ಪರ ವಕಾಲತ್ತು ಹಾಕಿದರು. ಈ ಜಗಳಗಂಟರೇ ನಾಟಕವನ್ನು ಸರಿಯಾಗಿ ಓದಿದವರು!

1606ರ ಡಿಸೆಂಬರ್ 26. ಕ್ರಿಸ್‌ಮಸ್ಸಿನ ಮರುದಿನ, ಸೇಂಟ್ ಸ್ಟೀಫನ್ ಹಬ್ಬದ ರಾತ್ರಿ. ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ದೊರೆ ಒಂದನೇ ಜೇಮ್ಸ್ ಎದುರು, ಅವನದೇ ಆಶ್ರಯದ ‘ಕಿಂಗ್ಸ್ ಮೆನ್’ ಮಂಡಳಿ ಹೊಸ ನಾಟಕ ಆಡುತ್ತಿದೆ. ಹಿಂದಿನ ವರ್ಷವಷ್ಟೇ ಪಾರ್ಲಿಮೆಂಟಿನ ಕೆಳಗೆ ಮದ್ದಿನ ಪೀಪಾಯಿ ಪೇರಿಸಿ ಈ ದೊರೆಯನ್ನು ಸಿಡಿಸುವ ಸಂಚು ಬಯಲಾಗಿತ್ತು. ಈ ವರ್ಷ ಪ್ಲೇಗು ಬಂದು ರಂಗಮಂದಿರಗಳು ಬಾಗಿಲು ಹಾಕಿದ್ದವು. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಒಂದೇ ರಾಜ್ಯ ಮಾಡಬೇಕೆಂದು ಹಂಬಲಿಸುತ್ತಿದ್ದ ಅರಸನ ಕಣ್ಣೆದುರು, ವೇದಿಕೆಯ ಮೇಲೆ ಇನ್ನೊಬ್ಬ ಅರಸ ನಕ್ಷೆ ತರಿಸಿ ತನ್ನ ರಾಜ್ಯವನ್ನು ಪಾಲು ಮಾಡುತ್ತಿದ್ದಾನೆ. ಯಾರು ನನ್ನನ್ನು ಹೆಚ್ಚು ಪ್ರೀತಿಸುತ್ತೀರಿ ಹೇಳಿ ಎನ್ನುತ್ತಾನೆ. ದೊಡ್ಡ ಮಗಳು ಹೊಗಳುತ್ತಾಳೆ, ಎರಡನೆಯವಳು ಇನ್ನಷ್ಟು ಹೊಗಳುತ್ತಾಳೆ. ಕಿರಿಯವಳಿಗೆ ಹೊಗಳಲು ಬರುವುದಿಲ್ಲ. ಮುದುಕ ಸಿಟ್ಟಿಗೇಳುತ್ತಾನೆ, ಅವಳನ್ನು ಹೊರಗೆ ಹಾಕುತ್ತಾನೆ.

ಸಭಿಕರಿಗೆ ಈ ಕಥೆ ಹೊಸದಲ್ಲ. 12ನೇ ಶತಮಾನದಲ್ಲೇ ಮನ್ಮತ್‌ನ ಜೆಫ್ರಿ ಬರೆದಿಟ್ಟ ಹಳೆಯ ಬ್ರಿಟನ್ನಿನ ಐತಿಹ್ಯ ಅದು. ಶೇಕ್ಸ್‌ಪಿಯರ್ ಮತ್ತೆ ಮತ್ತೆ ಕಡ ತಂದ ಹಾಲಿನ್‌ಶೆಡ್‌ನ ಚರಿತ್ರೆಯಲ್ಲೂ ಇತ್ತು. ಇದೇ ಕಥೆಯ ಮೇಲೆ ಬೇರೊಬ್ಬರು ಬರೆದ ‘ಕಿಂಗ್ ಲೀರ್’ ಎಂಬ ಹಳೆಯ ನಾಟಕ 1605ರಲ್ಲಿ ಅಚ್ಚಾಗಿ ಪುಸ್ತಕದಂಗಡಿಗೂ ಬಂದಿತ್ತು. ಎಲ್ಲದರಲ್ಲೂ ಕಿರಿಯ ಮಗಳ ಕಡೆಯವರು ಯುದ್ಧ ಗೆಲ್ಲುತ್ತಾರೆ, ಮುದುಕನಿಗೆ ಸಿಂಹಾಸನ ವಾಪಸು ಸಿಗುತ್ತದೆ. ಆದ್ದರಿಂದ ಅರಮನೆಯ ಜನ ಆ ರಾತ್ರಿ ಎಷ್ಟೇ ಕಷ್ಟದ ದೃಶ್ಯ ನೋಡಿದರೂ ಕೊನೆಗೆ ಏನಾಗುತ್ತದೆ ಎಂಬ ಭರವಸೆಯಲ್ಲೇ ಕೂತಿರಬೇಕು. ಕೊನೆಯ ಅಂಕದಲ್ಲಿ ಕಿರಿಯವಳ ಸೈನ್ಯ ಸೋತಿತು. ಸರಿ, ಸಣ್ಣದೊಂದು ತಿರುವು. ಅಪ್ಪ, ಮಗಳು ಇಬ್ಬರೂ ಸೆರೆಯಾದರು. ಅದೂ ಸರಿ. ಅಷ್ಟರಲ್ಲಿ ಮುದುಕ ಮಗಳ ಹೆಣವನ್ನು ತೋಳಲ್ಲಿ ಹೊತ್ತು ಒಳಗೆ ಬಂದ.

ಸಾವಿಗೆ ಮುಂಚಿನ ಕೆಲವು ನಿಮಿಷಗಳನ್ನು ಶೇಕ್ಸ್‌ಪಿಯರ್ ಹೇಗೆ ಕಟ್ಟಿದ್ದಾನೆ ಎಂಬುದನ್ನು ಗಮನಿಸಬೇಕು. ಕಿರಿಯ ಮಗಳು ಕಾರ್ಡೆಲಿಯಾಳನ್ನು ಸೆರೆಮನೆಯಲ್ಲಿ ನೇಣು ಹಾಕಲು, ಗ್ಲಾಸ್ಟರ್ ಎಂಬ ಮುದಿ ಸರದಾರನ ಕಿರಿಯ ಮಗ ಎಡ್ಮಂಡ್ ಗುಟ್ಟಾಗಿ ಆಜ್ಞೆ ಕೊಟ್ಟಿದ್ದಾನೆ. ಅದು ನಮಗೆ ಗೊತ್ತು. ಆಮೇಲೆ ಅವನಿಗೂ ಅವನ ಅಣ್ಣ ಎಡ್ಗರ್‌ಗೂ ಕತ್ತಿವರಸೆ ನಡೆಯುತ್ತದೆ. ಎಡ್ಮಂಡ್ ಗಾಯಗೊಂಡು ಬೀಳುತ್ತಾನೆ. ಎಡ್ಗರ್ ತನ್ನ ಅಪ್ಪನ ಸಾವಿನ ಕಥೆಯನ್ನು ಉದ್ದಕ್ಕೆ ಹೇಳುತ್ತಾನೆ. ಇಬ್ಬರು ಅಕ್ಕಂದಿರು ಸತ್ತ ಸುದ್ದಿ ಬರುತ್ತದೆ. ಸೆರೆಯಲ್ಲಿರುವವರ ನೆನಪು ಈ ಗಡಿಬಿಡಿಯಲ್ಲಿ ಯಾರಿಗೂ ಇಲ್ಲ. ಲಿಯರ್‌ನ ನಿಷ್ಠ ಸರದಾರ ಕೆಂಟ್ ಬಂದು ದೊರೆ ಎಲ್ಲಿ ಎಂದು ಕೇಳಿದ ಮೇಲೆ ದೊಡ್ಡ ಮಗಳ ಗಂಡ ಆಲ್ಬನಿಗೆ ತಟ್ಟನೆ ಜ್ಞಾಪಕ ಬರುತ್ತದೆ. ಸಾಯುತ್ತಿರುವ ಎಡ್ಮಂಡನೂ ಮನಸ್ಸು ಕರಗಿ, ಆಜ್ಞೆ ರದ್ದು ಮಾಡಲು ತನ್ನ ಕತ್ತಿಯನ್ನೇ ಗುರುತಾಗಿ ಕೊಟ್ಟು ಆಳನ್ನು ಓಡಿಸುತ್ತಾನೆ. ದೇವರು ಅವಳನ್ನು ಕಾಯಲಿ ಎಂದು ಆಲ್ಬನಿ ಬೇಡಿಕೊಳ್ಳುತ್ತಾನೆ. ಆ ಮಾತು ಮುಗಿಯುತ್ತಿದ್ದಂತೆ ಲಿಯರ್ ಹೆಣದೊಂದಿಗೆ ಪ್ರವೇಶಿಸುತ್ತಾನೆ. ಪ್ರಾರ್ಥನೆಗೂ ಉತ್ತರಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಜಾಗ ಬಿಟ್ಟಿಲ್ಲ.

ಈ ರಚನೆಯಿಂದಲೇ ಒಂದು ಅಳತೆಗೋಲು ಸಿಗುತ್ತದೆ. ಕರಾಳ ಕಥನದ ಕತ್ತಲೆಯನ್ನು ಹರಿದ ರಕ್ತದಿಂದಲೋ ಬಿದ್ದ ಹೆಣಗಳಿಂದಲೋ ಅಳೆಯಲಾಗದು. ಬರಬೇಕಾದ ಪರಿಹಾರ ಬಾಗಿಲ ತನಕ ಬಂದು ತಪ್ಪಿಹೋಗುವುದರಲ್ಲಿ ಅದಿದೆ. ಹಾಗೆ ತಪ್ಪಿಹೋದಾಗ ಓದುಗನ ಒಳಗೆ ಏಳುವ ‘ಹೀಗಾಗಬಾರದಿತ್ತು’ ಎಂಬ ಕೂಗು ನಾಟಕಕ್ಕೆ ಹೊರಗಿನದಲ್ಲ. ನಾಟಕಕಾರ ಲೆಕ್ಕ ಹಾಕಿ ಬರೆಸಿಕೊಂಡ ಸಾಲು ಅದು. ಅದನ್ನು ದೌರ್ಬಲ್ಯ ಎಂದು ಅದುಮಿಕೊಂಡು, ಮಹಾನ್ ಕೃತಿ ಎಂದು ತಲೆದೂಗುವವನು ನಾಟಕದ ಅರ್ಧವನ್ನಷ್ಟೇ ಓದುತ್ತಾನೆ. ಲಿಯರ್ ಸುತ್ತ ಹುಟ್ಟಿದ ತಿದ್ದುಪಡಿ, ಟೀಕೆ, ಮರುಕಥನಗಳೆಲ್ಲ ಈ ಕೂಗಿನ ದಾಖಲೆಗಳು. ಯಾರಿಗೆ ಎಲ್ಲಿ ನೋವಾಯಿತು ಎಂಬುದನ್ನು ಅವು ಬಹಳ ನಿಖರವಾಗಿ ಹೇಳುತ್ತವೆ.

ಚೌಕಟ್ಟು | ಒಂದು ಕಥೆ, ಹಲವು ಕೊನೆ

12ನೇ ಶತಮಾನ: ಮನ್ಮತ್‌ನ ಜೆಫ್ರಿಯ ಐತಿಹ್ಯ. ಲೀರ್‌ಗೆ ರಾಜ್ಯ ಮರಳುತ್ತದೆ. ಮಗಳು ಕೆಲವು ವರ್ಷ ಆಳಿದ ಮೇಲೆ, ಅಕ್ಕಂದಿರ ಮಕ್ಕಳ ಸೆರೆಯಲ್ಲಿ ಪ್ರಾಣ ಕಳೆದುಕೊಳ್ಳುತ್ತಾಳೆ.
1605: ಅಚ್ಚಾದ ಹಳೆಯ ನಾಟಕ. ಸಂಪೂರ್ಣ ಸುಖಾಂತ.
1608, 1623: ಶೇಕ್ಸ್‌ಪಿಯರ್ ನಾಟಕದ ಎರಡು ಮುದ್ರಿತ ಪಾಠಗಳು. ಎರಡರಲ್ಲೂ ಅಪ್ಪ, ಮಗಳು ಸಾಯುತ್ತಾರೆ.
1681: ನಹುಮ್ ಟೇಟ್‌ನ ತಿದ್ದುಪಡಿ. ಇಬ್ಬರೂ ಬದುಕುತ್ತಾರೆ, ಕಾರ್ಡೆಲಿಯಾಗೆ ಎಡ್ಗರ್ ಗಂಡನಾಗುತ್ತಾನೆ.
1823: ನಟ ಎಡ್ಮಂಡ್ ಕೀನ್ ಡ್ರೂರಿ ಲೇನ್ ರಂಗಮಂದಿರದಲ್ಲಿ ದುರಂತದ ಕೊನೆಯನ್ನು ವಾಪಸು ತಂದ.
1838: ನಟ ಮೆಕ್ರೆಡಿಯ ಪ್ರಯೋಗದಲ್ಲಿ, ಟೇಟ್ ಕೈಬಿಟ್ಟಿದ್ದ ವಿದೂಷಕನೂ ಮರಳಿದ. ಆ ಪಾತ್ರ ಮಾಡಿದ್ದು ಒಬ್ಬ ನಟಿ.

ಮೊದಲ ಸಾಕ್ಷಿ ಸ್ಯಾಮ್ಯುಯೆಲ್ ಜಾನ್ಸನ್. ಇಂಗ್ಲಿಷಿಗೆ ನಿಘಂಟು ಕೊಟ್ಟ ಈ ದಡೂತಿ ಪಂಡಿತನನ್ನು ಯಾರೂ ಅಳುಬುರುಕ ಎನ್ನಲಾರರು. ಲಿಚ್‌ಫೀಲ್ಡ್‌ನಲ್ಲಿ ಅವನ ಅಪ್ಪ ಪುಸ್ತಕ ವ್ಯಾಪಾರಿ. ಒಂಬತ್ತು ವರ್ಷದ ಹುಡುಗ ಅಡುಗೆಮನೆಯಲ್ಲಿ ಒಬ್ಬನೇ ಕೂತು ‘ಹ್ಯಾಮ್ಲೆಟ್’ ಓದುತ್ತ ಭೂತದ ದೃಶ್ಯಕ್ಕೆ ಬಂದವನು, ಸುತ್ತ ಮನುಷ್ಯರು ಕಾಣಲಿ ಎಂದು ಮೆಟ್ಟಿಲು ಹತ್ತಿ ಬೀದಿಬಾಗಿಲಿಗೆ ಓಡಿದನೆಂದು ಅವನ ಗೆಳತಿ ಹೆಸ್ಟರ್ ಥ್ರೇಲ್ ಬರೆದಿಟ್ಟಿದ್ದಾಳೆ. ಆ ಹುಡುಗ ದೊಡ್ಡವನಾಗಿ 1765ರಲ್ಲಿ ಶೇಕ್ಸ್‌ಪಿಯರ್‌ನ ಸಮಗ್ರ ನಾಟಕಗಳನ್ನು ಸಂಪಾದಿಸಿದ. ಕಾರ್ಡೆಲಿಯಾಳ ಸಾವು ತನ್ನನ್ನು ಎಷ್ಟು ಘಾಸಿಗೊಳಿಸಿತ್ತೆಂದರೆ, ಸಂಪಾದಕನಾಗಿ ಮತ್ತೆ ಓದಲೇಬೇಕಾಗುವ ತನಕ ಆ ಕೊನೆಯ ದೃಶ್ಯಗಳನ್ನು ಓದಲು ಧೈರ್ಯ ಬಂದಿತ್ತೋ ಇಲ್ಲವೋ ತಿಳಿಯದು ಎಂದು ಟಿಪ್ಪಣಿಯಲ್ಲಿ ಒಪ್ಪಿಕೊಂಡ. ಒಥೆಲೊ ಹೆಂಡತಿಯನ್ನು ಕೊಲ್ಲುವ ದೃಶ್ಯವೂ ಅವನಿಗೆ ಸಹಿಸಲಾಗದ್ದೇ. ಅದರ ಪರಿಷ್ಕರಣೆ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟ. ಗ್ಲಾಸ್ಟರ್‌ನ ಕಣ್ಣು ಕೀಳುವುದನ್ನಂತೂ ವೇದಿಕೆಯ ಮೇಲೆ ತೋರಿಸಲೇಬಾರದಿತ್ತು ಎಂಬುದು ಅವನ ತೀರ್ಮಾನ.

ಇಷ್ಟಕ್ಕೇ ಜಾನ್ಸನ್‌ನನ್ನು ಕೆಟ್ಟ ವಿಮರ್ಶಕ ಎಂದು ತಳ್ಳಿಹಾಕಿದವರಿದ್ದಾರೆ. ಕೃತಿಯ ಎದುರು ಪಂಡಿತನಾದವನು ತಣ್ಣಗೆ ಕೂರಬೇಕೆಂಬುದು ಅವರ ಆಕ್ಷೇಪ. ಆದರೆ ತಣ್ಣಗೆ ಕೂತವನಿಗೆ ಕಾಣದ ಒಂದು ಸಂಗತಿ ಜಾನ್ಸನ್‌ಗೆ ಕಂಡಿತ್ತು. ಸಹಜ ನ್ಯಾಯಕ್ಕೂ, ಓದುಗನ ನಿರೀಕ್ಷೆಗೂ, ಹಳೆಯ ಚರಿತ್ರೆಗೂ ವಿರುದ್ಧವಾಗಿ ಶೇಕ್ಸ್‌ಪಿಯರ್ ಅವಳನ್ನು ಕೊಂದಿದ್ದಾನೆ ಎಂದು ಆತ ಗುರುತಿಸಿದ. ಅಂದರೆ ಈ ಸಾವು ಕಥೆಯಲ್ಲಿ ಬಂದದ್ದಲ್ಲ, ನಾಟಕಕಾರ ತಂದದ್ದು. ಮನಸ್ಸಿಗೆ ಪೆಟ್ಟು ಬಿದ್ದುದರಿಂದಲೇ ಪೆಟ್ಟು ಕೊಟ್ಟ ಕೈಯನ್ನು ಹುಡುಕಿದ. ಹಾಗಾದರೆ ಆಟದ ಮಂದಿರದಲ್ಲಿ ಟೇಟ್‌ನ ಸುಖಾಂತವನ್ನೇ ಜನ ಮೆಚ್ಚಿದರೆ ತಪ್ಪೇನು ಎಂದೂ ಅವನೇ ಕೇಳಿದನಲ್ಲ? ಕೇಳಿದ. ನೋವು ಎಲ್ಲಿದೆ ಎಂದು ಹೇಳುವಲ್ಲಿ ರೋಗಿ ತಪ್ಪುವುದಿಲ್ಲ. ಔಷಧ ತಾನೇ ಬರೆದುಕೊಂಡರೆ ತಪ್ಪಬಹುದು.

ಆ ಔಷಧದ ಪರಿಣಾಮವನ್ನು ನೋಡಲು ನಮಗೆ ಸುಮಾರು 150 ವರ್ಷಗಳ ಪ್ರಯೋಗವೇ ಇದೆ. 1681ರಲ್ಲಿ ನಹುಮ್ ಟೇಟ್ ಲಿಯರ್‌ಗೆ ರಾಜ್ಯ ಕೊಡಿಸಿದ, ಕಾರ್ಡೆಲಿಯಾಗೆ ಮದುವೆ ಮಾಡಿಸಿದ. ಕೊನೆಯನ್ನಷ್ಟೇ ಬದಲಿಸಿದರೆ ಸಾಕೆಂದು ಹೊರಟಿದ್ದರೆ ಅವನಿಗೆ ಸಾಕಾಗುತ್ತಿರಲಿಲ್ಲ. ಕೊನೆಗೆ ಮದುವೆಯಾಗಬೇಕಾದರೆ ಮೊದಲಿನಿಂದ ಪ್ರೇಮವಿರಬೇಕು. ಆದ್ದರಿಂದ ಎಡ್ಗರ್ ಪ್ರೇಮಿಯಾದ. ಪ್ರೇಮಿಯಿದ್ದಮೇಲೆ ಕಾರ್ಡೆಲಿಯಾ ಅಪ್ಪನ ಮುಂದೆ ಮೌನವಾಗಿರುವುದಕ್ಕೆ ಬೇರೆ ಕಾರಣ ಸಿಕ್ಕಿತು: ಅವಳಿಗೆ ಅಪ್ಪ ಗೊತ್ತು ಮಾಡಿದ ಗಂಡು ಬೇಡ. ಫ್ರಾನ್ಸಿನ ದೊರೆ ಹೋದ. ವಿದೂಷಕ ಪೂರ್ತಿಯಾಗಿ ಮಾಯವಾದ, ಏಕೆಂದರೆ ಎಲ್ಲವೂ ಸರಿಹೋಗುವ ಲೋಕದಲ್ಲಿ ಅವನ ಕಹಿ ನಗೆಗೆ ಕೆಲಸವಿಲ್ಲ. ಕತ್ತಲೆಯ ಒಂದು ಎಳೆ ಎಳೆದದ್ದಕ್ಕೆ ಬಟ್ಟೆಯೆಲ್ಲ ಬಿಚ್ಚಿಕೊಂಡಿತು. ಲಿಯರ್‌ನ ಕೊನೆ ಮೇಲಿಂದ ಅಂಟಿಸಿದ ಕ್ರೌರ್ಯ ಎನ್ನುವವರಿಗೆ ಟೇಟ್‌ನ ಈ ಪಾಡೇ ಉತ್ತರ. ಇನ್ನೊಂದು ಮಾತು: ದೊರೆ ಮೂರನೇ ಜಾರ್ಜ್‌ಗೆ ಬುದ್ಧಿಭ್ರಮಣೆಯಾಗಿದ್ದ ಕೊನೆಯ ವರ್ಷಗಳಲ್ಲಿ, 1820ರಲ್ಲಿ ಆತ ತೀರಿಕೊಳ್ಳುವ ತನಕ, ಲಂಡನ್ ರಂಗಭೂಮಿ ಈ ನಾಟಕದ ಗೋಜಿಗೇ ಹೋಗಲಿಲ್ಲ. ಸಿಹಿ ಲೇಪಿಸಿದ ಮೇಲೂ ಅದು ಅಷ್ಟು ಚುಚ್ಚುತ್ತಿತ್ತು.

ವಿಚಿತ್ರವೆಂದರೆ ದೊಡ್ಡವರಿಗೆ ಸುಖಾಂತ ಬಡಿಸುತ್ತಿದ್ದ ಆ ಕಾಲದಲ್ಲಿ ಮಕ್ಕಳಿಗೆ ಸತ್ಯ ಹೇಳಿದ ಒಂದು ಪುಸ್ತಕವಿತ್ತು. 1807ರಲ್ಲಿ ಬಂದ ‘ಟೇಲ್ಸ್ ಫ್ರಮ್ ಶೇಕ್ಸ್‌ಪಿಯರ್’. ಭಾರತದ ಶಾಲೆಗಳಲ್ಲೂ ತಲೆಮಾರುಗಟ್ಟಲೆ ಓದಿಸಿದ ಆ ಪುಸ್ತಕದಲ್ಲಿ ಹರ್ಷನಾಟಕಗಳ ಕಥೆ ಬರೆದದ್ದು ಅಕ್ಕ ಮೇರಿ ಲ್ಯಾಂಬ್, ದುರಂತಗಳದ್ದು ತಮ್ಮ ಚಾರ್ಲ್ಸ್. 1796ರಲ್ಲಿ ಮತಿಭ್ರಮೆಯ ಗಳಿಗೆಯೊಂದರಲ್ಲಿ ಮೇರಿ ತಾಯಿಯನ್ನು ಚೂರಿಯಿಂದ ಇರಿದು ಕೊಂದಿದ್ದಳು. ತಮ್ಮ ಮದುವೆಯಾಗದೆ ಉಳಿದು ಜೀವಮಾನವಿಡೀ ಅವಳನ್ನು ನೋಡಿಕೊಂಡ. ಕತ್ತಲೆಯ ಬಗ್ಗೆ ಈ ಮನೆಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಚಾರ್ಲ್ಸ್ ಕಣ್ಣು ಕೀಳುವ ದೃಶ್ಯವನ್ನು ಮಕ್ಕಳಿಗೆ ಹೇಳಲಿಲ್ಲ, ಗ್ಲಾಸ್ಟರ್‌ನ ಕಥೆಯನ್ನು ಬಹುಮಟ್ಟಿಗೆ ಕೈಬಿಟ್ಟ. ಆದರೆ ಕಾರ್ಡೆಲಿಯಾಳನ್ನು ಬದುಕಿಸಲಿಲ್ಲ. ಬಿಡಬಹುದಾದ ಭೀಕರತೆ ಯಾವುದು, ಬಿಡಲಾಗದ ಕತ್ತಲೆ ಯಾವುದು ಎಂಬ ಈ ವಿವೇಕವನ್ನು ಮಕ್ಕಳ ಪುಸ್ತಕದ ಒಬ್ಬ ಲೇಖಕ ತೋರಿಸಿದ್ದು ವಿಮರ್ಶೆಯ ಎಷ್ಟೋ ಸಂಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ನಾಲ್ಕು ವರ್ಷಗಳ ನಂತರ ಬರೆದ ಪ್ರಬಂಧದಲ್ಲಿ ಆತ ಟೇಟ್‌ನನ್ನು ಚೆನ್ನಾಗಿ ಝಾಡಿಸಿದ.

ಭೀಕರತೆಯೇ ಬೇರೆ, ಕತ್ತಲೆಯೇ ಬೇರೆ ಎಂಬುದಕ್ಕೆ ಶೇಕ್ಸ್‌ಪಿಯರ್‌ನೇ ಎರಡೂ ಕಡೆಯ ಮಾದರಿ ಕೊಟ್ಟಿದ್ದಾನೆ. 1594ರಲ್ಲಿ ಅಚ್ಚಾದ ‘ಟೈಟಸ್ ಆಂಡ್ರೊನಿಕಸ್’ನಲ್ಲಿ ಕೈ ಕಡಿಯುತ್ತಾರೆ, ನಾಲಿಗೆ ಕೀಳುತ್ತಾರೆ, ಮಕ್ಕಳನ್ನು ಕೊಂದು ಕಡುಬು ಮಾಡಿ ತಾಯಿಗೇ ಉಣಬಡಿಸುತ್ತಾರೆ. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಲೂಸಿ ಬೇಲಿ ನಿರ್ದೇಶಿಸಿದ ಪ್ರಯೋಗ 2014ರಲ್ಲಿ ಮರಳಿ ಬಂದಾಗ ನೋಡುಗರು ತಲೆತಿರುಗಿ ಬಿದ್ದದ್ದು ಸುದ್ದಿಯಾಯಿತು. ಆದರೂ ಬಿದ್ದವರು ಎದ್ದು ಮನೆಗೆ ಹೋಗಿ ನಿದ್ದೆ ಮಾಡಬಹುದು. ಅಲ್ಲಿ ಪ್ರತಿ ಏಟಿಗೂ ಎದುರೇಟಿದೆ, ಕೊನೆಗೆ ರೋಮ್‌ಗೆ ಒಬ್ಬ ಒಳ್ಳೆಯ ದೊರೆ ಸಿಗುತ್ತಾನೆ. ಲೆಕ್ಕ ಚುಕ್ತಾ. ‘ಮ್ಯಾಕ್‌ಬೆತ್’ ಕೂಡ ಕೊನೆಗೆ ಲೆಕ್ಕ ತೀರಿಸುತ್ತದೆ: ಹಂತಕನ ತಲೆ ಉರುಳುತ್ತದೆ, ವಾರಸುದಾರ ಗದ್ದುಗೆ ಏರುತ್ತಾನೆ. ಲಿಯರ್‌ನಲ್ಲೂ ಕೆಟ್ಟವರೆಲ್ಲ ಸಾಯುತ್ತಾರೆ ನಿಜ. ಆದರೆ ಅವರು ಸತ್ತುದರಿಂದ ಯಾರಿಗೂ ಏನೂ ದಕ್ಕುವುದಿಲ್ಲ. ಗದ್ದುಗೆ ಯಾರಿಗೆ ಬೇಕು ಎಂದು ಕೇಳಿದರೆ ಉಳಿದವರು ಒಲ್ಲದ ಮನಸ್ಸಿನಿಂದ ಮುಖ ಮುಖ ನೋಡುತ್ತಾರೆ.

ಕಣ್ಣು ಕೀಳುವ ದೃಶ್ಯಕ್ಕೆ ಮತ್ತೊಮ್ಮೆ ಬರೋಣ, ಏಕೆಂದರೆ ಓದುಗ ಅಲ್ಲಿ ನಾಟಕದ ಒಳಗೇ ನಿಂತಿದ್ದಾನೆ. ಲಿಯರ್‌ನ ಎರಡನೆಯ ಮಗಳು ರೀಗನ್‌ಳ ಗಂಡ ಕಾರ್ನ್‌ವಾಲ್ ಮುದುಕ ಗ್ಲಾಸ್ಟರ್‌ನ ಒಂದು ಕಣ್ಣು ಕಿತ್ತಿದ್ದಾನೆ. ಆಗ ಅವನದೇ ಆಳೊಬ್ಬ, ಬಾಲ್ಯದಿಂದ ಅವನ ಉಪ್ಪು ತಿಂದವನು, ಸಾಕು ನಿಲ್ಲಿಸು ಎಂದು ಕತ್ತಿ ಹಿರಿಯುತ್ತಾನೆ. ಅವನಿಗೆ ಹೆಸರಿಲ್ಲ, ಮುಂಚೆ ಅವನನ್ನು ನಾವು ಗಮನಿಸಿದ್ದೂ ಇಲ್ಲ. ನಾವು ಕುರ್ಚಿಯಲ್ಲಿ ಕೂತು ಏನನ್ನು ಮಾಡಬೇಕೆಂದು ಚಡಪಡಿಸುತ್ತಿದ್ದೆವೋ ಅದನ್ನು ಅವನು ಮಾಡುತ್ತಾನೆ. ಒಡೆಯನಿಗೆ ಸಾಯುವಂಥ ಗಾಯ ಮಾಡುತ್ತಾನೆ. ರೀಗನ್ ಹಿಂದಿನಿಂದ ಇರಿದು ಅವನನ್ನು ಕೊಲ್ಲುತ್ತಾಳೆ. ಅಷ್ಟಾದರೂ ಮುದುಕನ ಇನ್ನೊಂದು ಕಣ್ಣು ಉಳಿಯುವುದಿಲ್ಲ. ತಡೆಯಲಾಗದೆ ಎದ್ದು ನಿಲ್ಲುವುದು ಮನುಷ್ಯರ ಸರಿಯಾದ ಪ್ರತಿಕ್ರಿಯೆ ಎಂದು ನಾಟಕ ಒಪ್ಪುತ್ತದೆ, ಹಾಗೆ ಎದ್ದವನಿಗೆ ಬಹುಮಾನವನ್ನೂ ಕೊಡುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಈ ಎದೆಗಾರಿಕೆ ಇವತ್ತಿನ ರಕ್ತಸಿಕ್ತ ಥ್ರಿಲರ್‌ಗಳಲ್ಲಿ ಕಾಣುವುದು ಕಡಿಮೆ.

1608ರ ಪಾಠದಲ್ಲಿ ಈ ದೃಶ್ಯದ ಕೊನೆಗೆ ಉಳಿದ ಇಬ್ಬರು ಆಳುಗಳು ಮುದುಕನ ರಕ್ತ ಸುರಿಯುವ ಮುಖಕ್ಕೆ ನಾರು ಮತ್ತು ಮೊಟ್ಟೆಯ ಬಿಳಿ ಹಚ್ಚಲು ಮುಂದಾಗುತ್ತಾರೆ. ಇಡೀ ದೃಶ್ಯದಲ್ಲಿ ಉಸಿರಾಡಲು ಸಿಗುವ ಕಿಂಡಿ ಅದೊಂದೇ. 1623ರ ದೊಡ್ಡ ಸಂಪುಟದ ಪಾಠದಲ್ಲಿ ಆ ಕಿಂಡಿಯೂ ಇಲ್ಲ. ಎರಡು ಪಾಠಗಳ ನಡುವೆ ಸುಮಾರು 300 ಸಾಲು ಹೋಗಿವೆ, 100ರಷ್ಟು ಸೇರಿವೆ. ಕತ್ತರಿಸಿದವನು ಶೇಕ್ಸ್‌ಪಿಯರ್‌ನೇ ಎಂದು ಹಲವು ವಿದ್ವಾಂಸರು ನಂಬುತ್ತಾರೆ, ಎಲ್ಲರೂ ಅಲ್ಲ. 1962ರಲ್ಲಿ ಪೀಟರ್ ಬ್ರೂಕ್ ಇದನ್ನು ಆಡಿಸಿದಾಗ ಆಳುಗಳ ಆರೈಕೆಯನ್ನೂ ತೆಗೆದ, ಎಡ್ಮಂಡನ ಕೊನೆಗಳಿಗೆಯ ಪಶ್ಚಾತ್ತಾಪವನ್ನೂ ತೆಗೆದ. ಪೋಲಿಷ್ ವಿಮರ್ಶಕ ಯಾನ್ ಕಾಟ್ ಲಿಯರ್‌ನನ್ನು ಬೆಕೆಟ್‌ನ ‘ಎಂಡ್‌ಗೇಮ್’ ಪಕ್ಕದಲ್ಲಿ ಇಟ್ಟು ಓದಿದ್ದು ಬ್ರೂಕ್‌ನ ಬೆನ್ನಿಗಿತ್ತು. ಆ ಪ್ರಯೋಗ ದೊಡ್ಡದೆಂದು ಹೆಸರಾಗಿದೆ, ಆದರೆ ಎಡ್ಮಂಡನ ವಿಷಯದಲ್ಲಿ ಬ್ರೂಕ್ ಎಡವಿದ ಎಂದೇ ಹೇಳಬೇಕು. ಆ ಪಶ್ಚಾತ್ತಾಪವೇ ಅಲ್ಲವೇ ನಮಗೆ ಆಸೆ ಹುಟ್ಟಿಸುವುದು? ಆಸೆ ತೆಗೆದರೆ ಅದು ಮುರಿಯುವುದೂ ಇಲ್ಲ. ಪೂರ್ತಿ ಕಪ್ಪು ಬಳಿದ ಗೋಡೆಯ ಮೇಲೆ ನೆರಳು ಕಾಣದು. ಟೇಟ್ ಬೆಳಕು ಹೆಚ್ಚಿಸಿ ಮಾಡಿದ ತಪ್ಪನ್ನೇ ಬ್ರೂಕ್ ಕತ್ತಲೆ ಹೆಚ್ಚಿಸಿ ಮಾಡಿದ.

ಅತ್ಯಂತ ಗಟ್ಟಿಯಾದ ಆಕ್ಷೇಪ ರಷ್ಯಾದಿಂದ ಬಂತು. ಟಾಲ್‌ಸ್ಟಾಯ್ 1906ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲಿಯರ್‌ನನ್ನು ದೃಶ್ಯ ದೃಶ್ಯವಾಗಿ ಬಿಡಿಸಿ, ಇಲ್ಲಿ ಯಾರು ಏಕೆ ಏನು ಮಾಡುತ್ತಾರೆಂಬುದಕ್ಕೆ ಕಾರಣವೇ ಇಲ್ಲ ಎಂದರು. ಅಕ್ಕಂದಿರ ಸ್ವಭಾವ ಎಂಬತ್ತು ದಾಟಿದ ಅಪ್ಪನಿಗೆ ಅಷ್ಟು ವರ್ಷ ಗೊತ್ತಿರಲಿಲ್ಲವೇ? ಹಳೆಯ ‘ಕಿಂಗ್ ಲೀರ್’ ನಾಟಕವೇ ಇದಕ್ಕಿಂತ ವಾಸಿ, ಅದರ ಕೊನೆಯೂ ಸಹಜ ಎಂಬುದು ಅವರ ತೀರ್ಪು. ಇದನ್ನು ನಕ್ಕು ತಳ್ಳುವುದು ಸುಲಭ, ನ್ಯಾಯವಲ್ಲ. ‘ಅನ್ನಾ ಕರೆನಿನಾ’ದಲ್ಲಿ ಒಂದು ಸಾವಿಗೆ ನೂರಾರು ಪುಟ ಕಾರಣ ಕೊಟ್ಟ ಲೇಖಕ ಕೇಳುವ ಪ್ರಶ್ನೆ ಇದು. 1947ರಲ್ಲಿ ಜಾರ್ಜ್ ಆರ್ವೆಲ್ ಕೊಟ್ಟ ಉತ್ತರ ಪ್ರಸಿದ್ಧ: ಆಸ್ತಿ, ಅಧಿಕಾರ ಬಿಟ್ಟುಕೊಟ್ಟರೆ ನೆಮ್ಮದಿ ಸಿಗುತ್ತದೆಂದು ನಂಬಿ ಮೋಸಹೋದ ಮುದುಕನ ಕಥೆ ಟಾಲ್‌ಸ್ಟಾಯ್‌ಗೆ ತಮ್ಮದೇ ಕಥೆಯಾಗಿ ಕಂಡಿರಬೇಕು. ಪ್ರಬಂಧ ಬಂದ ನಾಲ್ಕು ವರ್ಷಕ್ಕೆ, 1910ರಲ್ಲಿ, 82ರ ಟಾಲ್‌ಸ್ಟಾಯ್ ಮನೆಬಿಟ್ಟು ಹೊರಟು ಅಸ್ತಪೊವೊ ಎಂಬ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಜೊತೆಗೆ ನಿಷ್ಠೆಯ ಮಗಳೊಬ್ಬಳಿದ್ದಳು.

ಆರ್ವೆಲ್‌ನ ಉತ್ತರ ಚುರುಕಾದುದು, ಆದರೆ ಅದು ಆಕ್ಷೇಪಕ್ಕೆ ಕೊಟ್ಟದ್ದಲ್ಲ, ಆಕ್ಷೇಪಿಸಿದವರ ಬಗ್ಗೆ ಕೊಟ್ಟದ್ದು. ಕಾರಣವಿಲ್ಲ ಎಂಬ ಮಾತಿಗೆ ನೇರ ಉತ್ತರ ಬೇಕಿದ್ದರೆ ಹಳೆಯ ನಾಟಕವನ್ನೇ ಪಕ್ಕಕ್ಕಿಟ್ಟು ನೋಡಬೇಕು. ಅಲ್ಲಿ ಲೀರ್ ಪ್ರೀತಿಯ ಪರೀಕ್ಷೆ ಇಡುವುದಕ್ಕೆ ಸ್ಪಷ್ಟ ಉದ್ದೇಶವಿದೆ: ಕಿರಿಯವಳನ್ನು ಮಾತಿನಲ್ಲಿ ಸಿಕ್ಕಿಸಿ ತಾನು ಹೇಳಿದವನಿಗೆ ಮದುವೆ ಮಾಡಿಸುವುದು. ಶೇಕ್ಸ್‌ಪಿಯರ್ ಆ ಕಾರಣವನ್ನು ಓದಿ, ಬೇಕೆಂದೇ ತೆಗೆದುಹಾಕಿದ್ದಾನೆ. ಕೈಯಲ್ಲಿದ್ದ ಕಾರಣವನ್ನು ಬಿಸಾಡಿದ ಲೇಖಕನನ್ನು ಕಾರಣ ಹೊಂದಿಸಲು ಬಾರದವನು ಎನ್ನಲಾಗದು. ಕಾರಣ ತಿಳಿದ ಕೂಡಲೇ ಕೆಡುಕು ಸ್ವಲ್ಪ ಹಗುರಾಗುತ್ತದೆ, ತಪ್ಪಿಸಬಹುದಿತ್ತು ಎಂಬ ಸಮಾಧಾನ ಹುಟ್ಟುತ್ತದೆ. ಆ ಸಮಾಧಾನ ಸಿಗದಂತೆ ನೋಡಿಕೊಂಡಿದ್ದಾನೆ.

ನಮ್ಮ ಕಾಲದ ಕಾದಂಬರಿಕಾರರು ಕಾಲಿಟ್ಟಿದ್ದು ಸರಿಯಾಗಿ ಈ ಖಾಲಿ ಜಾಗಕ್ಕೆ. ಜೇನ್ ಸ್ಮೈಲಿ ಅವರ ‘ಎ ಥೌಸಂಡ್ ಏಕರ್ಸ್’ 1991ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪಡೆಯಿತು. ಅಮೆರಿಕದ ಅಯೋವಾದಲ್ಲಿ ಸಾವಿರ ಎಕರೆಯ ಜಮೀನ್ದಾರ ಅಪ್ಪ, ಮೂವರು ಹೆಣ್ಣುಮಕ್ಕಳು. ಕಥೆ ಹೇಳುವವಳು ದೊಡ್ಡ ಮಗಳು, ಅಂದರೆ ಶೇಕ್ಸ್‌ಪಿಯರ್‌ನ ಗಾನೆರಿಲ್. ಅಕ್ಕಂದಿರ ಕಲ್ಲೆದೆಗೆ ಸ್ಮೈಲಿ ಕಾರಣ ಕೊಡುತ್ತಾರೆ: ಅಪ್ಪನೇ ಅವರ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯ. ಬಾವಿಯ ನೀರಿಗೆ ಇಳಿದ ರಾಸಾಯನಿಕದಿಂದ ಪದೇ ಪದೇ ಗರ್ಭಪಾತವಾಗುವ ಆ ಹೆಂಗಸಿನ ದನಿಯನ್ನು ಕೇಳಿದ ಮೇಲೆ, ಗಾನೆರಿಲ್‌ಗೆ ಬಂಜೆತನದ ಶಾಪ ಹಾಕುವ ಲಿಯರ್‌ನನ್ನು ಮುಂಚಿನಂತೆ ಓದಲಾಗದು. ಆದ್ದರಿಂದ ಇದು ನಿಜವಾದ ಮರುಓದು. ಆದರೆ ಕಾರಣ ಸಿಕ್ಕಿದ್ದರಿಂದ, ಇಷ್ಟೊಂದು ಕ್ರೌರ್ಯದ ಮಧ್ಯೆಯೂ ಕಾದಂಬರಿ ಮೂಲಕ್ಕಿಂತ ಕಡಿಮೆ ಕತ್ತಲೆಯದು. ಜಪಾನಿನ ಕುರೊಸಾವಾ 1985ರ ‘ರಾನ್’ ಚಿತ್ರದಲ್ಲಿ ಮುದಿ ಸಾಮಂತನಿಗೆ ಹಿಂಸೆಯ ಪೂರ್ವಚರಿತ್ರೆ ಕೊಟ್ಟದ್ದೂ ಇದೇ ಹಸಿವಿನಿಂದ. ನಾರ್ವೆಯ ಯೊ ನೆಸ್‌ಬೊ 2018ರ ‘ಮ್ಯಾಕ್‌ಬೆತ್’ನಲ್ಲಿ ಮಳೆ ಹಿಡಿದ ಹಾಳು ಕೈಗಾರಿಕಾ ಪಟ್ಟಣ, ಮಾದಕ ದ್ರವ್ಯದ ದೊರೆ, ಚಟಕ್ಕೆ ಬಿದ್ದ ಪೊಲೀಸ್ ಅಧಿಕಾರಿ ಎಲ್ಲವನ್ನೂ ತಂದಿದ್ದಾರೆ. ಕಗ್ಗತ್ತಲ ಬಣ್ಣವೆಲ್ಲ ಇದೆ. ಎಲ್ಲಕ್ಕೂ ವಿವರಣೆಯೂ ಇರುವುದರಿಂದ ಭಯ ಮಾತ್ರ ಆಗುವುದಿಲ್ಲ.

ಚೌಕಟ್ಟು | ಕಪಾಟಿನಲ್ಲಿ ಏನೇನಿದೆ

‘ಸ್ಟೇಷನ್ ಇಲೆವೆನ್’ (2014), ಎಮಿಲಿ ಸೇಂಟ್ ಜಾನ್ ಮ್ಯಾಂಡೆಲ್: ಟೊರಾಂಟೊದಲ್ಲಿ ಲಿಯರ್ ಪಾತ್ರಧಾರಿ ವೇದಿಕೆಯ ಮೇಲೇ ಕುಸಿದು ಸಾಯುತ್ತಾನೆ, ಬೆನ್ನಿಗೇ ಸಾಂಕ್ರಾಮಿಕವೊಂದು ನಾಗರಿಕತೆಯನ್ನು ನುಂಗುತ್ತದೆ. 20 ವರ್ಷಗಳ ನಂತರ ತಿರುಗಾಟದ ತಂಡವೊಂದು ಶೇಕ್ಸ್‌ಪಿಯರ್ ಆಡುತ್ತ ಅಲೆಯುತ್ತದೆ. ಕರಾಳ ಎಂದು ಹೆಸರಾದ ಪುಸ್ತಕ, ಒಳಗೆ ಬಹಳ ಭರವಸೆ.
‘ಇಫ್ ವಿ ವರ್ ವಿಲನ್ಸ್’ (2017), ಎಂ. ಎಲ್. ರಿಯೊ: ನಾಟಕಶಾಲೆಯ ವಿದ್ಯಾರ್ಥಿಗಳು, ಒಂದು ಸಾವು, ಹತ್ತು ವರ್ಷ ಜೈಲು. ಎಲ್ಲರೂ ಶೇಕ್ಸ್‌ಪಿಯರ್ ಸಾಲುಗಳಲ್ಲೇ ಮಾತಾಡುತ್ತಾರೆ. ಕೆಲವೊಮ್ಮೆ ಅತಿಯಾಯಿತು ಅನ್ನಿಸುತ್ತದೆ.
‘ವಿ ದಟ್ ಆರ್ ಯಂಗ್’ (2017), ಪ್ರೀತಿ ತನೇಜಾ: ದೆಹಲಿಯ ಉದ್ಯಮಿ ಮನೆತನದಲ್ಲಿ ನಡೆಯುವ ಲಿಯರ್ ಕಥೆ, ಕಾಶ್ಮೀರದ ತನಕ. 2018ರ ಡೆಸ್ಮಂಡ್ ಎಲಿಯಟ್ ಪ್ರಶಸ್ತಿ.
‘ಹ್ಯಾಮ್ನೆಟ್’ (2020), ಮ್ಯಾಗಿ ಒ’ಫ್ಯಾರೆಲ್: ಶೇಕ್ಸ್‌ಪಿಯರ್‌ನ ಸತ್ತ ಮಗನ ಕಥೆ. ಇಡೀ ಕಾದಂಬರಿಯಲ್ಲಿ ಶೇಕ್ಸ್‌ಪಿಯರ್ ಎಂಬ ಹೆಸರಿಲ್ಲ.

‘ಹ್ಯಾಮ್ನೆಟ್’ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಕ್ಲೋಯಿ ಝಾವ್ ನಿರ್ದೇಶಿಸಿದ ಚಿತ್ರ 2025ರಲ್ಲಿ ಬಂದ ಮೇಲೆ ಆ ಕಾದಂಬರಿಗೆ ಮತ್ತೆ ಓದುಗರು ಮುಗಿಬಿದ್ದರು. ಚರಿತ್ರೆಯಲ್ಲಿ ಗೊತ್ತಿರುವುದು ಇಷ್ಟೇ: ಶೇಕ್ಸ್‌ಪಿಯರ್ ದಂಪತಿಯ ಅವಳಿ ಮಕ್ಕಳಲ್ಲಿ ಒಬ್ಬನಾದ ಹ್ಯಾಮ್ನೆಟ್‌ನನ್ನು 1596ರ ಆಗಸ್ಟ್ 11ರಂದು ಸ್ಟ್ರಾಟ್‌ಫರ್ಡ್‌ನಲ್ಲಿ ಮಣ್ಣು ಮಾಡಿದರು, ಅವನಿಗೆ 11 ವರ್ಷ. ಏತರಿಂದ ಸತ್ತ ಎಂದು ದಾಖಲೆ ಹೇಳುವುದಿಲ್ಲ. ಕಾದಂಬರಿ ಅದನ್ನು ಪ್ಲೇಗು ಎಂದು ಊಹಿಸುತ್ತದೆ, ನಾಲ್ಕಾರು ವರ್ಷಗಳ ನಂತರ ಬಂದ ‘ಹ್ಯಾಮ್ಲೆಟ್’ನ್ನು ಮಗನ ಶೋಕಕ್ಕೆ ಜೋಡಿಸುತ್ತದೆ. ತಾಯಿಯ ದುಃಖವನ್ನು ಒ’ಫ್ಯಾರೆಲ್ ಬರೆದಿರುವ ಪರಿ ಅಪರೂಪದ್ದು, ಅದನ್ನು ಓದಿ ಕಣ್ಣು ಒದ್ದೆಯಾಗದಿರುವುದು ಕಷ್ಟ. ಆದರೆ ಕೊನೆಗೆ ನಾಟಕ ಆ ಸಾವಿಗೆ ಪರಿಹಾರವಾಗಿ ನಿಲ್ಲುತ್ತದೆ: ಮಗ ಹೋದ, ಕೃತಿ ಉಳಿಯಿತು. ಅಳಿಸಿ ಆಮೇಲೆ ಸಮಾಧಾನ ಮಾಡುವ ಪುಸ್ತಕ ಕೆಟ್ಟದ್ದೇನಲ್ಲ. ಹೆಣವನ್ನು ತೋಳಲ್ಲಿ ಹೊತ್ತ ಲಿಯರ್‌ಗೆ ಮಾತ್ರ ಇಂಥ ಸಮಾಧಾನವನ್ನು ಶೇಕ್ಸ್‌ಪಿಯರ್ ಕೊಡಲಿಲ್ಲ.

ಇಷ್ಟು ಹೇಳಿದ ಮೇಲೆ ಕನ್ನಡದ ಓದುಗರು ಎತ್ತಬಹುದಾದ ಆಕ್ಷೇಪ ಒಂದಿದೆ. ದುಃಖದಲ್ಲೇ ಮುಗಿಸುವುದು ನಮ್ಮ ಸಂಪ್ರದಾಯವಲ್ಲ, ಪರಿಹಾರ ಕೊಡದ ಕೃತಿಯನ್ನು ನಾವೇಕೆ ಮೆಚ್ಚಬೇಕು? ಕರುಣರಸದಿಂದ ಆನಂದವೇ ಹುಟ್ಟುತ್ತದೆ, ಇಲ್ಲವಾದರೆ ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ, ರಾಮಾಯಣವೂ ಬರೀ ದುಃಖಕ್ಕೆ ಕಾರಣವಾಗುತ್ತಿತ್ತು ಎಂದು 14ನೇ ಶತಮಾನದ ವಿಶ್ವನಾಥ ‘ಸಾಹಿತ್ಯದರ್ಪಣ’ದಲ್ಲಿ ವಾದಿಸಿದ್ದಾನೆ. ಕನ್ನಡಕ್ಕೆ ಶೇಕ್ಸ್‌ಪಿಯರ್ ಬಂದ ಮೊದಲ ಹೊತ್ತಿನಲ್ಲಿ ನಮ್ಮವರೂ ಟೇಟ್‌ನ ದಾರಿ ಹಿಡಿದದ್ದುಂಟು. 1889ರ ‘ರಾಮವರ್ಮ ಲೀಲಾವತಿ’ಯಲ್ಲಿ ರೋಮಿಯೊ, ಜೂಲಿಯೆಟ್ ದೈವಕೃಪೆಯಿಂದ ಮತ್ತೆ ಬದುಕುತ್ತಾರೆ. ಆದರೆ ಸಂಪ್ರದಾಯ ಅಲ್ಲಿಗೇ ನಿಲ್ಲಲಿಲ್ಲ. ಬಿ.ಎಂ. ಶ್ರೀಕಂಠಯ್ಯನವರು 1929ರ ‘ಅಶ್ವತ್ಥಾಮನ್’ನಲ್ಲಿ ಸೊಫೊಕ್ಲಿಸ್‌ನ ಏಯಾಸ್‌ನ ಕಥೆಯನ್ನು ಮಹಾಭಾರತದ ವೀರನಿಗೆ ಒಗ್ಗಿಸಿ, ಚಿರಂಜೀವಿಯನ್ನೇ ರಂಗದ ಮೇಲೆ ಸಾಯಿಸಿದರು. ಚಿರಂಜೀವಿ ಸಾಯುವುದುಂಟೇ ಎಂಬ ತಕರಾರು ಎದ್ದಿತು. ನಲವತ್ತು ವರ್ಷಗಳಲ್ಲಿ ಸತ್ತವರನ್ನು ಬದುಕಿಸುವುದರಿಂದ ಸಾಯಲಾರದವನನ್ನು ಸಾಯಿಸುವ ತನಕ ಕನ್ನಡ ರಂಗಭೂಮಿ ನಡೆದು ಬಂತು. ಮಾಸ್ತಿಯವರು ಕನ್ನಡಕ್ಕೆ ತಂದ ‘ಲಿಯರ್ ಮಹಾರಾಜ’ನನ್ನು ಓದುವವನಿಗೆ ಆ ಕೊನೆ ಪರಕೀಯ ಅನ್ನಿಸಬೇಕಾಗಿಲ್ಲ. ವಿಶ್ವನಾಥನ ವಾದವೂ ಸುಳ್ಳಾಗುವುದಿಲ್ಲ. ಮನಸ್ಸು ಕರಗುವುದರಿಂದ ಕಣ್ಣೀರು ಬರುತ್ತದೆ ಎಂದವನೂ ಅವನೇ. ಕರಗಿದ ಮೇಲೆ ತಕರಾರು ಹೂಡಬಾರದೆಂದು ಅವನು ಹೇಳಿಲ್ಲ.

ಕೊನೆಯದು, ಇತ್ತೀಚೆಗೆ ಹೆಚ್ಚು ಕೇಳುವ ಪ್ರಶ್ನೆ. ಇಂಥ ಕಥೆಗಳ ಮೇಲೆ ಮುನ್ನೆಚ್ಚರಿಕೆ ಹಾಕಬೇಕೇ? ಪಾಶ್ಚಾತ್ಯ ರಂಗಮಂದಿರಗಳು ಈಗ ಹಿಂಸೆ, ಆತ್ಮಹತ್ಯೆ ಇದೆ ಎಂದು ಮೊದಲೇ ತಿಳಿಸುತ್ತವೆ. ಓದುಗರು ನಾಜೂಕಾಗಿಬಿಟ್ಟಿದ್ದಾರೆ ಎಂದು ಹಳಬರು ಗೊಣಗುತ್ತಾರೆ. ಗೊಣಗುವವರಿಗೆ ಜಾನ್ಸನ್‌ನ ನೆನಪಿಲ್ಲ. ಓದಲಾರೆ ಎಂದು ಪುಸ್ತಕ ಮುಚ್ಚುವ ಹಕ್ಕು ಓದುಗನಿಗೆ ಯಾವತ್ತೂ ಇತ್ತು, ಅದನ್ನು ಚಲಾಯಿಸಿದವರಲ್ಲಿ ಆ ಭಾಷೆಯ ಅತಿ ದೊಡ್ಡ ಓದುಗನೂ ಒಬ್ಬ. ಮುನ್ನೆಚ್ಚರಿಕೆ ಹಿಂಸೆಯನ್ನು ಪಟ್ಟಿ ಮಾಡಬಲ್ಲದು: ಕಣ್ಣು ಕೀಳುವುದು, ನೇಣು, ವಿಷ. ರಕ್ಷಿಸುವವನು ನಾಲ್ಕು ನಿಮಿಷ ತಡವಾಗಿ ಬರುತ್ತಾನೆ ಎಂದು ಯಾವ ಫಲಕವೂ ಬರೆಯುವುದಿಲ್ಲ. ಆದ್ದರಿಂದ ಫಲಕ ಹಾಕಿದರೂ ನಾಟಕಕ್ಕೆ ನಷ್ಟವಿಲ್ಲ, ಹಾಕದಿದ್ದರೂ ಓದುಗನಿಗೆ ರಕ್ಷಣೆಯಿಲ್ಲ.

ಆದರೆ ಪುಸ್ತಕ ಮುಚ್ಚುವುದು ಒಂದು, ಮುಚ್ಚಿದ ಪುಸ್ತಕವನ್ನು ತಿದ್ದುವುದು ಇನ್ನೊಂದು. ರಂಗದ ಮೇಲೆ ಟೇಟ್‌ನ ಕೊನೆಗೆ ಸಮ್ಮತಿಸಿದ ಜಾನ್ಸನ್, ತಾನು ಅಚ್ಚು ಹಾಕಿಸಿದ ಪಾಠದಲ್ಲಿ ಕಾರ್ಡೆಲಿಯಾಳ ಸಾವಿನ ಒಂದು ಅಕ್ಷರವನ್ನೂ ಅಳಿಸಲಿಲ್ಲ. ಸಾವನ್ನು ಇದ್ದಲ್ಲೇ ಇಟ್ಟು, ಕೆಳಗೆ ತನ್ನ ತಕರಾರನ್ನು ಬರೆದ. ಟೇಟ್‌ನ ನಾಟಕವನ್ನು ಇವತ್ತು ಸಂಶೋಧಕರಲ್ಲದೆ ಬೇರೆ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಜಾನ್ಸನ್‌ನ ಆ ಟಿಪ್ಪಣಿ ಮಾತ್ರ ಲಿಯರ್ ಬಗ್ಗೆ ಬರೆಯುವವರ ಮೇಜಿನ ಮೇಲೆ ಇನ್ನೂ ಇದೆ.